ಮಾಚಿಪತ್ರೆ ಹೂ ಬಿಡುವ ತಿಂಗಳು

ಸೆಂದಾಯ್
1958, ಜನವರಿ 12

ಅಮ್ಮಾ,

ನೀನು ಕಳಿಸಿದ ಒಣಮೀನು ಬಂತು. ಅರ್ಧ ನನ್ನ ಕೋಣೆಯ ಜೊತೆಗಾತಿ ತಿಂದಳು, ಉಳಿದರ್ಧವನ್ನು ನಾನು ಬಚ್ಚಿಟ್ಟು ತಿಂದೆ. ಇಲ್ಲಿ ಮೊಣಕಾಲುದ್ದ ಹಿಮ. ಬಾಗಿಲು ತೆರೆಯಲು ದಿನವೂ ಸಲಿಕೆ ಬೇಕು.

ಕೈ ಸುಟ್ಟುಕೊಂಡೆಯಾ ಎಂದು ನೀನು ಕೇಳಿದ್ದೆ. ಇಲ್ಲ. ಆದರೆ ಯೂನಿವರ್ಸಿಟಿಯ ಆ ಆಮ್ಲದ ಕೋಣೆಗೆ ಹೋಗುವಾಗ ಇವತ್ತಿಗೂ ನನಗೆ ಭಯವಾಗುತ್ತದೆ. ಅದು ಗಾಜನ್ನೂ ತಿನ್ನುತ್ತದೆ, ಅದಕ್ಕೇ ಮೇಣ ಸವರಿದ ಪಾತ್ರೆ. ಕಲ್ಲನ್ನು ಪುಡಿ ಮಾಡಿ ಅದರಲ್ಲಿ ಹಾಕಿಟ್ಟರೆ ಎರಡು ಮೂರು ದಿನದಲ್ಲಿ ಕಲ್ಲೆಲ್ಲ ಕರಗುತ್ತದೆ. ಕರಗದೆ ಉಳಿಯುವುದು ಹೂವಿನ ಪರಾಗ. ಯಾವುದೋ ಕಾಲದಲ್ಲಿ ಗಾಳಿಗೆ ಹಾರಿ ಕೆಸರಿಗೆ ಬಿದ್ದು, ಕೆಸರು ಕಲ್ಲಾದರೂ ಹಾಗೇ ಉಳಿದ ಹುಡಿ. ಒಂದೊಂದು ಗಿಡದ ಕಣಕ್ಕೆ ಒಂದೊಂದು ಆಕಾರ. ಗಿಡಗಳು ಒಂದೊಂದು ಕಾಲಕ್ಕೆ ಹುಟ್ಟಿ, ಕೆಲವು ಇಲ್ಲವಾಗಿರುವುದರಿಂದ, ಕಣ ನೋಡಿ ಕಲ್ಲಿನ ವಯಸ್ಸು ಹೇಳಬಹುದು. ನಾನಿನ್ನೂ ಸೀಸೆ ತೊಳೆಯುತ್ತಿದ್ದೇನೆ ಎಂದುಕೊಂಡಿದ್ದರೆ ಅಪ್ಪನಿಗೆ ಹೇಳು, ಹೋದ ಶರತ್ಕಾಲದಿಂದ ಪ್ರೊಫೆಸರ್ ಅಸಾನುಮಾ ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಎಣಿಕೆಗೆ ಕೂರಿಸಿದ್ದಾರೆ.

ಈಗ ವಿಷಯ. ಕ್ಯೂಶೂ ಕಡೆಯ ಕಡಲಡಿ ಕಲ್ಲಿದ್ದಲ ಪದರಗಳ ಪಟ್ಟಿ ಮಾಡಬೇಕು ಎಂದು ಪ್ರೊಫೆಸರ್ ಹೇಳುತ್ತಿದ್ದರು. ನನ್ನಪ್ಪ ತೊಬಿಸೆ ದ್ವೀಪದ ಗಣಿಯಲ್ಲಿ ಮೇಸ್ತ್ರಿ ಎಂದು ನಾನೇ ಬಾಯಿ ಬಿಟ್ಟೆ. ಅಪ್ಪ ಮುಷ್ಟಿ ಗಾತ್ರದ ಕಲ್ಲು ಕಳಿಸುತ್ತಾರೆಯೇ ಕೇಳು. ಕುದಿಸಿ ಒಣಗಿಸಿದ ಸೀಸೆಯಲ್ಲಿ ಹಾಕಿ ಬಿರಡೆ ಬಿಗಿಯಬೇಕು. ಬಟ್ಟೆ, ಹುಲ್ಲು, ಪೇಪರು ತಗಲಬಾರದು. ಇವತ್ತಿನ ಧೂಳು ಒಂದು ಚಿಟಿಕೆ ಸೇರಿದರೂ ಎಣಿಕೆ ಕೆಡುತ್ತದೆ.

ಅಪ್ಪ ಇನ್ನೂ ನನ್ನ ಹೆಸರು ಎತ್ತುವುದಿಲ್ಲವೇ? ಇವಾಕಿಚಿ ಮಾಮನ ಮಗನನ್ನು ನಾನು ಒಲ್ಲೆ ಅಂದದ್ದನ್ನು ಮಾಮನೇ ಮರೆತಿದ್ದಾರೆ ಎಂದು ನೀನು ಬರೆದಿದ್ದೆ. ಅಪ್ಪ ಮಾತ್ರ ಮರೆತಿಲ್ಲ.

ನಿನ್ನ
ಕಿನುಯೊ

~

ತೊಬಿಸೆ
ಫೆಬ್ರವರಿ 3

ಕಿನುಯೊ,

ಇವತ್ತು ಹುರಿದ ಕಾಳು ಎರಚಿ ದೆವ್ವ ಓಡಿಸುವ ದಿನ. ಪಾಳಿ ಮುಗಿಸಿ ಬಂದ ನಿಮ್ಮಪ್ಪನ ಮೇಲೆ ಬಾಗಿಲಲ್ಲೇ ಒಂದು ಹಿಡಿ ಎರಚಿದೆ. ಎಷ್ಟು ತೊಳೆದರೂ ಕಣ್ಣಂಚಿನ ಕಪ್ಪು ಹೋಗದ ಮುಖ, ದೆವ್ವಕ್ಕೂ ಗಂಡನಿಗೂ ಗುರುತು ಹತ್ತಲಿಲ್ಲ ಅಂದೆ. ಬೇರೆ ವರ್ಷ ಆಗಿದ್ದರೆ ನಗುತ್ತಿದ್ದರು.

ನಿನ್ನ ಕಾಗದವನ್ನು ಎರಡು ಸಲ ಗಟ್ಟಿಯಾಗಿ ಓದಿದೆ. "ಹೂವಂತೆ ಹೂವು. ಮೂವತ್ತು ವರ್ಷ ಆ ಕಲ್ಲು ಒಡ್ದಿದೀನಿ, ಒಂದೆಸಳು ಕಂಡಿಲ್ಲ," ಅಂದು ಆಚೆ ತಿರುಗಿ ಮಲಗಿದರು. ನಾಲ್ಕು ದಿನ ಬಿಟ್ಟು ನೋಡುತ್ತೇನೆ, ಅಡುಗೆಮನೆಯ ಕಟ್ಟೆ ಮೇಲೆ ಎರಡು ಸೀಸೆ, ಒಳಗೆ ಕಲ್ಲು, ಬಿರಡೆಗೆ ಮೇಣ. "ಸೆಂದಾಯ್‌ನವಳಿಗೆ ಹಾಕು," ಅಂದರು. ನಿನ್ನ ಹೆಸರು ಈಗ ಅದೇ. ಸೀಸೆಯನ್ನು ತಾವೇ ಕುದಿಸಿದ್ದರು. ನನ್ನ ಒಳ್ಳೆಯ ಪಾತ್ರೆ ತಳ ಹತ್ತಿದೆ.

ಹೊಸದಾಗಿ ಪಡುವಣಕ್ಕೆ, ಕಡಲ ಕೆಳಗೆ, ಒಂದು ಸುರಂಗ ಕೊರೆಯುತ್ತಿದ್ದಾರೆ. ನಿಮ್ಮಪ್ಪನ ಗುಂಪಿಗೇ ಕೊಟ್ಟಿದ್ದಾರೆ. ಇವಾಕಿಚಿ ಸಾನ್ ಯಾವತ್ತಿನಂತೆ ಜೊತೆಗೆ. ಆಳದಲ್ಲಿ ಜಿನುಗುವ ನೀರು ಯಾವಾಗಲೂ ಉಗುರುಬೆಚ್ಚಗೆ ಇರುತ್ತದೆ ಅಲ್ಲವೇ. ಅಲ್ಲಿ ಕತ್ತಿನ ಮೇಲೆ ಬೀಳುವ ಹನಿ ತಣ್ಣಗಿದೆಯಂತೆ, ಮೇಲಿನ ಕಡಲ ನೀರಿನ ಹಾಗೆ. ಇದನ್ನು ನಿಮ್ಮಪ್ಪ ಹೇಳಲಿಲ್ಲ, ಇವಾಕಿಚಿ ಸಾನ್ ಹೆಂಡತಿ ಕಿಕು ಹೇಳಿದಳು. ಕೇಳಿದ ಮೇಲೆ ನನಗೆ ಎರಡು ತುತ್ತು ಇಳಿಯುತ್ತಿಲ್ಲ. ನಮ್ಮಣ್ಣ ಹೋದದ್ದು ಹೇಗೆ ಎಂದು ನಿನಗೆ ಗೊತ್ತು. ಸುರಂಗಕ್ಕೆ ಹೊಕ್ಕ ನೀರು ಹೆಣವನ್ನೂ ವಾಪಸು ಕೊಡಲಿಲ್ಲ.

ಅನ್ನಕ್ಕೆ ಸಾರು ಸುರಿದುಕೊಂಡು ಹೋದವನ ತಲೆ ಮೇಲೆ ಸುರಂಗವೂ ಸುರಿಯುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದರು. ಮದುವೆಯಾದಾಗಿನಿಂದ ಈ ಮನೆಯಲ್ಲಿ ಒಣ ಅನ್ನವೇ. ಈಗಂತೂ ಸಾರಿನ ಬಟ್ಟಲನ್ನು ಅನ್ನದ ಪಕ್ಕದಲ್ಲೂ ಇಡುತ್ತಿಲ್ಲ.

ಅಮ್ಮ

~

ಸೆಂದಾಯ್
ಫೆಬ್ರವರಿ 20

ಅಮ್ಮಾ,

ನಿನ್ನೆ ಎಣಿಸಿ ಮುಗಿಸಿದೆ. ನಿಮ್ಮಪ್ಪ ಇಷ್ಟು ಶುದ್ಧವಾಗಿ ಕಳಿಸಿದ್ದಾರಲ್ಲ, ಇಲ್ಲಿನ ವಿದ್ಯಾರ್ಥಿಗಳು ಬಂದು ಕಲಿಯಬೇಕು ಎಂದರು ಪ್ರೊಫೆಸರ್. ಇದನ್ನು ಅಪ್ಪನಿಗೆ ತಪ್ಪದೆ ಓದಿ ಹೇಳು.

ಎರಡೂ ಕಲ್ಲು ಮೂರು ನಾಲ್ಕು ಕೋಟಿ ವರ್ಷ ಹಳೆಯವು. ಅಪ್ಪ ಕುಕ್ಕರಗಾಲಲ್ಲಿ ಕೂತು ಒಡೆಯುವ ಆ ಜಾಗದಲ್ಲಿ ಆಗ ಬೆಚ್ಚನೆಯ ಜೌಗು ಕಾಡಿತ್ತು. ತಾಳೆಯ ಜಾತಿಯ ಮರಗಳಿದ್ದವು, ನೀರಲ್ಲೇ ಬೇರೂರಿ ನಿಲ್ಲುವ ದೊಡ್ಡ ಮರಗಳಿದ್ದವು. ಈಗ ಭೂಮಿಯ ಮೇಲೆ ಎಲ್ಲೂ ಇಲ್ಲದ ಗಿಡಗಳ ಕಣಗಳೂ ಸಿಕ್ಕಿವೆ. ಅವಕ್ಕೆ ನಾವು ಹೆಸರಿನ ಬದಲು ನಂಬರು ಹಾಕುತ್ತೇವೆ.

ತಣ್ಣನೆಯ ಹನಿಯ ವಿಷಯ ಪ್ರೊಫೆಸರಿಗೆ ಹೇಳಿದೆ. ಅವರು ನಗಲಿಲ್ಲ. ಹಿಮಯುಗದಲ್ಲಿ ಸಮುದ್ರ ಹಿಂದೆ ಸರಿದಿತ್ತಂತೆ. ಈಗ ಅಲೆ ಇರುವ ಕಡೆ ನದಿಗಳು ಹರಿದು ಹಳೇ ಕಲ್ಲಿನಲ್ಲಿ ಕಣಿವೆ ಕೊರೆದವು. ಸಮುದ್ರ ವಾಪಸು ಬಂದಾಗ ಕಣಿವೆಗಳಲ್ಲಿ ಕೆಸರೂ ಮರಳೂ ತುಂಬಿಕೊಂಡವು. ಅಂಥ ಹೂತ ಕಣಿವೆಗೆ ಸುರಂಗ ತಾಗಿದರೆ ತಲೆಯ ಮೇಲೆ ಕಲ್ಲು ಇರುವುದಿಲ್ಲ, ಸಡಿಲ ಕೆಸರು ಇರುತ್ತದೆ, ಅದರ ಮೇಲೆ ಕಡಲು.

ಆ ಕೆಸರಿಗೆ ಗುರುತಿದೆ. ನದಿದಂಡೆಯಲ್ಲಿ ಬೆಳೆದ ಹುಲ್ಲು, ಮಾಚಿಪತ್ರೆ. ಹಳೇ ಕಾಡಿನ ಕಾಲಕ್ಕೆ ನಮ್ಮ ಕಡೆ ಮಾಚಿಪತ್ರೆ ಬಂದೇ ಇರಲಿಲ್ಲ. ಅದರ ಕಣ ಮೂರು ಸೀಳಿನ ಪುಟ್ಟ ಉಂಡೆ, ನಾನು ಕಣ್ಣುಮುಚ್ಚಿ ಗುರುತಿಸುತ್ತೇನೆ. ಅಪ್ಪನ ಎರಡು ಕಲ್ಲಿನಲ್ಲಿ ಒಂದೂ ಇಲ್ಲ. ಆದ್ದರಿಂದ ಊಟ ಮಾಡು. ಸುರಂಗ ಮುಂದೆ ಹೋದ ಹಾಗೆ ಇನ್ನೊಂದು ಕಲ್ಲು ಕಳಿಸಲು ಹೇಳು. ಪ್ರೊಫೆಸರ್ ಗಣಿಯ ಆಫೀಸಿಗೂ ಬರೆಯುತ್ತಿದ್ದಾರೆ.

ಕಿನುಯೊ

~

ತೊಬಿಸೆ
ಮಾರ್ಚ್ 6

ಕಿನುಯೊ,

ಇದರ ಜೊತೆಗಿರುವ ಕಲ್ಲನ್ನು ಬೇರೆಲ್ಲ ಬಿಟ್ಟು ಮೊದಲು ನೋಡು.

ಕಲ್ಲು ಅನ್ನಲೂ ಆಗದು. ಉಗುರಿನಿಂದ ಕೆರೆದರೆ ಬೂದು ಹಿಟ್ಟು ಬರುತ್ತದೆ. ಹೊಸ ಸುರಂಗದಲ್ಲಿ ನಲವತ್ತನೇ ಮಾರಿಗೆ ಇವಾಕಿಚಿ ಸಾನ್ ಕೈಗೆ ಸಿಕ್ಕಿತಂತೆ. ಭೂಮಿ ಬಿರುಕು ಬಿಟ್ಟ ಕಡೆ ಹಳೇ ಕಲ್ಲೇ ಜಜ್ಜಿಹೋಗಿ ಹೀಗೆ ಮೆತ್ತಗಾಗಿದೆ, ಹತ್ತು ಮಾರು ದಾಟಿದರೆ ಮತ್ತೆ ಗಟ್ಟಿ ಕಲ್ಲು, ಎಂದು ಇಂಜಿನಿಯರ್ ಹೇಳಿದ್ದಾರೆ. ಇರಲೂಬಹುದು. ಆದರೆ ಗುಂಪಿನವರು ಯಾರೂ ಈಗ ಸುರಂಗದೊಳಗೆ ಗಟ್ಟಿಯಾಗಿ ಮಾತಾಡುತ್ತಿಲ್ಲವಂತೆ. ಸ್ನಾನದ ಮನೆಯಲ್ಲಿ ಇವಾಕಿಚಿ ಸಾನ್ ನಿಮ್ಮಪ್ಪನಿಗೆ ಹೇಳಿದರಂತೆ: "ನಿನ್ನ ಮಗಳು ನನ್ನ ಮಗನ್ನ ಬೇಡ ಅಂದ್ಲು, ಆಯ್ತಪ್ಪ. ನನ್ನ ಕಲ್ಲನ್ನಾದ್ರೂ ನೋಡ್ತಾಳೋ ಇಲ್ವೋ ಕೇಳು." ಸುತ್ತಲಿದ್ದವರೆಲ್ಲ ನಕ್ಕರಂತೆ. ನಿಮ್ಮಪ್ಪ ತಲೆ ಮೇಲೆ ನೀರು ಸುರಿದುಕೊಂಡರಂತೆ. ಆಫೀಸಿನವರೂ, ಯೂನಿವರ್ಸಿಟಿ ಏನು ಬರೆಯುತ್ತದೋ ನೋಡೋಣ ಎಂದು ಮೂರು ದಿನಕ್ಕೊಮ್ಮೆ ಒಂದು ಮಾರಿನಂತೆ ಮೆಲ್ಲಗೆ ಕೊರೆಸುತ್ತಿದ್ದಾರೆ.

ಒಂದು ತಪ್ಪಾಗಿದೆ, ಬೈಯಬೇಡ. ಹೋದ ತಿಂಗಳು ಯಾರೋ ಸೀಸೆಯಲ್ಲಿ ಮದ್ಯ ಒಯ್ದು ಸಿಕ್ಕಿಬಿದ್ದರು. ಈಗ ಗಣಿಬಾಯಲ್ಲಿ ಬೆಂಕಿಕಡ್ಡಿಯ ಜೊತೆಗೆ ಸೀಸೆಯನ್ನೂ ತಡೆಯುತ್ತಾರೆ. ಅದಕ್ಕೆ ನಿಮ್ಮಪ್ಪ ಕಲ್ಲನ್ನು ಬುತ್ತಿಯ ಬಟ್ಟೆಯಲ್ಲಿ ಸುತ್ತಿ ತಂದರು. ಅವತ್ತು ಮೂರನೇ ತಾರೀಕಿನ ಹೆಣ್ಣುಮಕ್ಕಳ ಗೊಂಬೆ ಹಬ್ಬದ ಮರುದಿನ. ಅದೇ ಬಟ್ಟೆಯಲ್ಲಿ ನಾನು ಮಾಚಿಪತ್ರೆ ಹಾಕಿ ಕುಟ್ಟಿದ ಹಸಿರು ಕಡುಬು ಕಟ್ಟಿಕೊಟ್ಟಿದ್ದೆ. ಸೀಸೆಗೆ ಹಾಕುವ ಮೊದಲು ಒರೆಸಿದ್ದೇನೆ.

ನೀನು ಏನು ಹೇಳುತ್ತೀಯೋ ಎಂದು ಹನ್ನೊಂದು ಮನೆಯವರು ಕಾಯುತ್ತಿದ್ದಾರೆ. ನನಗಂತೂ ಹಗಲೂ ಕಿವಿ ಗಣಿಯ ಸೈರನ್ನಿನ ಕಡೆಗೇ.

ಅಮ್ಮ

~

ಸೆಂದಾಯ್
ಮಾರ್ಚ್ 17

ಅಮ್ಮಾ,

ಮೊದಲು ಒಳ್ಳೆಯ ಸುದ್ದಿ. ಅದು ಹಳೇ ಕಲ್ಲೇ. ಅಪ್ಪ ಧೈರ್ಯವಾಗಿರಲಿ.

ಈಗ ಬೈಗುಳ. ಇನ್ನೂರು ಕಣ ಎಣಿಸಿದೆ. ನೂರ ಅರವತ್ತು ಅದೇ ಹಳೇ ಜೌಗು ಕಾಡಿನವು. ಉಳಿದ ನಲವತ್ತು ಏನು ಗೊತ್ತೇ? ಮಾಚಿಪತ್ರೆ. ಮೊದಲನೆಯದು ಕಂಡಾಗ ಮಸೂರ ಒರೆಸಿ ಮತ್ತೆ ನೋಡಿದೆ. ಐದು, ಹತ್ತು, ಹದಿನೈದು ಎಂದು ಎಣಿಸುತ್ತಾ ಹೋದೆ, ನಲವತ್ತಕ್ಕೆ ಪೆನ್ಸಿಲ್ ಕೆಳಗಿಟ್ಟೆ. ಎದ್ದು ಹೋಗಿ ನೀರು ಕುಡಿದೆ. ಆಗ ನಿನ್ನ ಕಡುಬಿನ ಬಟ್ಟೆ ನೆನಪಾಯಿತು. ಅಲ್ಲೇ ಕೂತು ಅತ್ತೆ, ಆಮೇಲೆ ನಕ್ಕೆ. ಬಟ್ಟೆ ತಗಲಬಾರದು ಎಂದು ಅಷ್ಟು ಬಿಡಿಸಿ ಬರೆದಿದ್ದೆನಲ್ಲ ತಾಯೀ.

ಪ್ರೊಫೆಸರಿಗೆ ಪರೀಕ್ಷೆಯ ಕಾಗದಗಳ ರಾಶಿ. ಬಾಗಿಲಲ್ಲೇ ನಿಂತು ಹೇಳಿದೆ. "ಹಾಗಾದ್ರೆ ಅಮ್ಮನ ಅಡುಗೆಮನೆ ಕಲ್ಲೊಳಗೆ ಬಂದಿದೆ ಅನ್ನು," ಎಂದು ನಕ್ಕರು. ಆಫೀಸಿಗೆ ಬರೆದ ಕಾಗದಕ್ಕೆ ಸಹಿ ಮಾಡಿ ಮೊಹರು ಒತ್ತಿದ್ದಾರೆ. ಅದೂ ಇವತ್ತೇ ಹೊರಡುತ್ತದೆ.

ಈ ಕಾಗದವನ್ನು ಇವಾಕಿಚಿ ಮಾಮನಿಗೂ ಓದಲು ಕೊಡು. ಅವರ ಕಲ್ಲನ್ನು ನೋಡಿದ್ದೇನೆ, ಚಿನ್ನದಂಥ ಕಲ್ಲು ಎಂದು ಹೇಳು.

ಕಿನುಯೊ

~

ತೊಬಿಸೆ
ಮಾರ್ಚ್ 26

ಕಿನುಯೊ,

ನಿನ್ನ ಕಾಗದ ಈ ದ್ವೀಪವನ್ನೆಲ್ಲ ಸುತ್ತಿ ಬಂತು. ಗಣಿಬಾಯಲ್ಲಿ ನಿಮ್ಮಪ್ಪನೇ ಕಾಗದ ಕೊಟ್ಟು ಓದು ಅಂದರಂತೆ, ಇವಾಕಿಚಿ ಸಾನ್ ಖಾಲಿ ಬಂಡಿಯ ಮೇಲೆ ಹತ್ತಿ ನಿಂತು ಓದಿದರಂತೆ, ನನ್ನನ್ನು ಬೈದದ್ದನ್ನೂ ಬಿಡದೆ. ಬೀದಿಯಲ್ಲಿ ಹೋದರೆ ಹೆಂಗಸರು "ಏನ್ ತೊಮೆ, ಇವತ್ತು ಯಾವ ಬಟ್ಟೇಲಿ ಕಡುಬು ಕಟ್ಟಿದೆ?" ಅನ್ನುತ್ತಾರೆ. ಅನ್ನಲಿ. ಎಲ್ಲರ ಮುಖದಲ್ಲೂ ನೆತ್ತರು ವಾಪಸು ಬಂದಿದೆ. ಕಾಗದವನ್ನು ಇವಾಕಿಚಿ ಸಾನ್ ಕೊಡಲೇ ಇಲ್ಲ. "ಸೊಸೆಯಾಗಬೇಕಾಗಿದ್ದವಳ ಅಕ್ಷರ, ನನ್ನ ಹತ್ರ ಇರ್ಲಿ," ಎಂದು ಟೋಪಿಯೊಳಗೆ ಮಡಿಸಿಟ್ಟುಕೊಂಡರು.

ಸೋಮವಾರದಿಂದ ಸುರಂಗವನ್ನು ಪೂರಾ ವೇಗದಲ್ಲಿ ಕೊರೆಯುತ್ತಿದ್ದಾರೆ.

ಇನ್ನೊಂದು. ಮೊನ್ನೆ ಊಟಕ್ಕೆ ಕೂತಾಗ ನಿಮ್ಮಪ್ಪ ಎರಡು ಬಟ್ಟಲು ಅನ್ನ ಉಂಡು, "ಕಿನುಯೊಗೆ ಚಳಿಗಾಲದಲ್ಲಿ ಕೈ ಒಡೀತಿತ್ತು. ಅಲ್ಲಿ ಎಣ್ಣೆ ಸಿಗತ್ತೋ ಇಲ್ವೋ," ಅಂದರು. ಕಿನುಯೊ ಅಂದರು. ನಾನು ಕೇಳಿಸದವಳಂತೆ ಪಾತ್ರೆ ತಿಕ್ಕಿದೆ. ತಿರುಗಿ ನೋಡಿದ್ದರೆ ಅವರು ಇನ್ನೆರಡು ವರ್ಷ ಬಾಯಿ ಬಿಡುತ್ತಿರಲಿಲ್ಲ.

ಒಂದು ಸಣ್ಣ ಮಾತು ಕೇಳಲೇ? ನಾನು ಓದಿದವಳಲ್ಲ, ನಗಬೇಡ. ಕಡುಬಿಗೆ ನಾನು ಕಿತ್ತದ್ದು ಬೆರಳುದ್ದದ ಚಿಗುರು. ಗುಡ್ಡದ ಬಿಸಿಲುಗಡೆಯಲ್ಲಿ ಮಂಜು ಕರಗಿದ ಮೇಲೆ ಆಗತಾನೇ ಎದ್ದದ್ದು. ಮಾಚಿಪತ್ರೆ ಹೂ ಬಿಡುವುದು ಸೆಪ್ಟೆಂಬರಿನಲ್ಲಿ ಅಲ್ಲವೇ? ಆಗ ನನ್ನ ಕಣ್ಣು ತುರಿಸಿ ಕೆಂಪಾಗುತ್ತದೆ, ನಿನಗೂ ಆಗುತ್ತಿತ್ತು. ಮಾರ್ಚಿನ ಚಿಗುರಿನಲ್ಲಿ ಹೂವಿನ ಹುಡಿ ಎಲ್ಲಿಂದ ಬಂತು? ಅದಕ್ಕೆ ನಿಮ್ಮ ವಿದ್ಯೆಯಲ್ಲಿ ಏನೋ ಕಾರಣ ಇದ್ದೇ ಇರುತ್ತದೆ. ಒಂದು ಸಾಲು ಬರೆದರೆ ನನಗೆ ಸಮಾಧಾನ.

ಅಮ್ಮ

~

ತಂತಿ
ಸೆಂದಾಯ್, ಏಪ್ರಿಲ್ 1

ನನ್ನ ಮಾತು ತಪ್ಪು. ಅಪ್ಪನನ್ನು ಇಳಿಸಬೇಡ. ಯಾರೂ ಇಳಿಯಬಾರದು. ಕಿನುಯೊ.

~

ಸೆಂದಾಯ್
ಏಪ್ರಿಲ್ 3

ಅಮ್ಮಾ,

ತಂತಿ ತಲುಪಿರಬೇಕು. ತಲುಪಿರಲಿ ದೇವರೇ.

ನಿನ್ನ ಪ್ರಶ್ನೆಗೆ ನಮ್ಮ ವಿದ್ಯೆಯಲ್ಲಿ ಕಾರಣವಿಲ್ಲ. ಚಿಗುರಿನಲ್ಲಿ ಪರಾಗ ಇರುವುದಿಲ್ಲ. ಐದು ವರ್ಷದ ಮಗುವಾಗಿದ್ದಾಗ ನಿನ್ನ ಜೊತೆ ಆ ಗುಡ್ಡದಲ್ಲಿ ಬುಟ್ಟಿ ಹಿಡಿದು ಚಿಗುರು ಕಿತ್ತವಳು ನಾನು. ಇಲ್ಲಿ ಆರು ತಿಂಗಳಿಂದ ಮಾಚಿಪತ್ರೆಯನ್ನು ಬರೀ ಕಣವಾಗಿ ನೋಡಿ ನೋಡಿ, ಅದೊಂದು ಗಿಡ, ಅದಕ್ಕೂ ಒಂದು ಋತು ಉಂಟು ಎಂಬುದೇ ಮರೆತುಹೋಗಿತ್ತು.

ಕಲ್ಲಿನ ಉಳಿದ ತುಂಡಿತ್ತು. ಹೊರಮೈಯನ್ನೆಲ್ಲ ಚಾಕುವಿನಿಂದ ಕೆತ್ತಿ ಎಸೆದು, ಬಟ್ಟೆ ಮುಟ್ಟದ ಹೊಟ್ಟೆಯೊಳಗಿನ ಮಣ್ಣನ್ನಷ್ಟೇ ತೆಗೆದೆ. ಮೆತ್ತಗಿದ್ದದ್ದರಿಂದ ಒಂದೇ ದಿನಕ್ಕೆ ಕರಗಿತು. ಅದರಲ್ಲೂ ಮಾಚಿಪತ್ರೆ, ಅಷ್ಟೇ, ಇನ್ನೂರಕ್ಕೆ ನಲವತ್ತೆರಡು. ಹುಲ್ಲಿನ ಕಣಗಳೂ ಇದ್ದವು. ಮೊದಲ ಸಲ ಅವನ್ನು ನಾನು ನೋಡಲೇ ಇಲ್ಲ, ನೋಡುವುದು ಬೇಕಿರಲಿಲ್ಲ. ಹಳೇ ಕಾಡಿನ ಕಣಗಳು ನದಿ ಹಳೇ ಕಲ್ಲನ್ನು ಕೊರೆದು ತಂದು ಸುರಿದದ್ದು. ಹಳೇ ಮನೆಯ ಕಲ್ಲು ತಂದು ಹೊಸ ಮನೆ ಕಟ್ಟಿದರೆ ಮನೆ ಹಳೆಯದಾಗುತ್ತದೆಯೇ? ಅಪ್ಪನ ಸುರಂಗ ಹೂತ ಕಣಿವೆಗೆ ಮೂತಿ ಇಟ್ಟಿದೆ. ಮೇಲೆ ಕಡಲು.

ಯಾಕೆ ಆತುರಪಟ್ಟೆ ಎಂದು ಪ್ರೊಫೆಸರ್ ಕೇಳಿದರು. ಗೊತ್ತಿಲ್ಲ ಅಂದೆ. ನಿನಗೆ ನಿಜ ಹೇಳುತ್ತೇನೆ. ಒಳ್ಳೆಯ ಸುದ್ದಿ ಬರೆಯಬೇಕು, ಅಪ್ಪ ಅದನ್ನು ಕೇಳಬೇಕು, ಒಂದು ಸಲ ನನ್ನ ಹೆಸರು ಹೇಳಬೇಕು ಎಂದು ಆಸೆಯಾಗಿತ್ತು. ಅಪ್ಪ ಹೇಳಿದರು ಎಂದು ಬರೆದಿದ್ದೀಯ. ಆ ಸಾಲು ಓದಲು ಆಗುತ್ತಿಲ್ಲ.

ಪ್ರೊಫೆಸರ್ ಇವತ್ತು ಆಫೀಸಿಗೆ ತಂತಿ ಕೊಟ್ಟಿದ್ದಾರೆ. ಮೊಹರಿನ ಕಾಗದವೂ ಹಿಂದೆಯೇ ಬರುತ್ತದೆ. ಅದು ಬರುವವರೆಗೆ ಕಾಯಬೇಡಿ. ಅಪ್ಪನ ಬೂಟು ಬಚ್ಚಿಡು. ಜ್ವರ ಅನ್ನು. ಏನಾದರೂ ಮಾಡು.

ಕಿನುಯೊ

~

ತೊಬಿಸೆ
ಏಪ್ರಿಲ್ 6

ಕಿನುಯೊ,

ನಿನ್ನ ತಂತಿ ಎರಡನೇ ತಾರೀಕು ಬೆಳಿಗ್ಗೆ ಬಂತು. ನಿಮ್ಮಪ್ಪ ಬೂಟು ಕಟ್ಟುತ್ತಿದ್ದರು. ಓದಿ ಹೇಳಿದೆ. ಒಂದು ಬೂಟು ಕಾಲಲ್ಲಿತ್ತು, ಒಂದು ಕೈಯಲ್ಲಿ. ಅದನ್ನೂ ಕಟ್ಟಿಕೊಂಡು ಹೊರಟರು. ನಾನು ಬಾಗಿಲಿಗೆ ಅಡ್ಡ ನಿಂತೆ. "ಸರಿ ಅಂತ ಹೇಳಿದ್ನ ಊರಿಗೆಲ್ಲ ಓದಿಸ್ದೋನು ನಾನು. ತಪ್ಪು ಅಂತ ಹೇಳಕ್ಕೂ ನಾನೇ ಹೋಗ್ಬೇಕು," ಅಂದರು.

ಗಣಿಬಾಯಲ್ಲಿ ಎಲ್ಲರ ಮುಂದೆ ಸೊಂಟ ಬಗ್ಗಿಸಿ, ನನ್ನ ಮಗಳು ತಪ್ಪು ಮಾಡಿದ್ದಾಳೆ, ಇಳಿಯಬೇಡಿ, ಎಂದರಂತೆ. ಕೆಲವರು ಕೆಳಗೆ ನೋಡಿದರಂತೆ. ಕೆಲವರು, ಹೋದ ವಾರ ಚಿನ್ನ, ಈ ವಾರ ಕೆಸರು, ಮುಂದಿನ ವಾರ ಕಡುಬೋ ಎಂದು ನಕ್ಕರಂತೆ. ಆಫೀಸಿನಲ್ಲಿ, ಮೊಹರಿರುವ ಕಾಗದ ನಮ್ಮ ಕೈಲಿದೆ, ಮಗಳ ತಂತಿಗೆ ಸುರಂಗ ನಿಲ್ಲಿಸಲಾಗದು, ಇನ್ನೊಂದು ಮೊಹರು ಬರಲಿ, ಎಂದರು. ಮರುದಿನ ಪ್ರೊಫೆಸರರ ತಂತಿ ಬಂದಾಗಲೂ, ತಂತಿಗೆ ಮೊಹರಿಲ್ಲ ಅಂದರಂತೆ. ನಿಮ್ಮಪ್ಪ, ಹಾಗಾದರೆ ನಾನು ಗುಂಪನ್ನು ಕರೆದುಕೊಂಡು ಹೋಗುವುದಿಲ್ಲ, ಅಂದುಬಿಟ್ಟರು.

ಮೇಸ್ತ್ರಿ ಕೆಲಸ ಹೋಯಿತು. ಈಗ ಮೇಲುಗಡೆ, ನಾನು ಕೆಲಸ ಮಾಡುವ ಹೆಂಗಸರ ಸಾಲಿನಲ್ಲಿ ನಿಂತು ಕಲ್ಲಿದ್ದಲಿನಿಂದ ಕಲ್ಲು ಆರಿಸುತ್ತಾರೆ. ನನ್ನಿಂದ ಮೂರನೆಯವರು. ನನ್ನ ಕಡೆ ನೋಡುವುದಿಲ್ಲ. ನಿನ್ನೆ ಬೆಳಿಗ್ಗೆ ಸಾರಿನ ಬಟ್ಟಲು ಎತ್ತಿ ಅನ್ನಕ್ಕೆ ಸುರಿದುಕೊಂಡರು. ಮೂವತ್ತು ವರ್ಷದಲ್ಲಿ ನಾನು ನೋಡಿದ್ದು ಮೊದಲ ಸಲ. ನನಗೆ ಅಳು ಬಂತು, ಜೀವ ಉಳಿಯಿತೆಂದೋ ಮಾನ ಹೋಯಿತೆಂದೋ ತಿಳಿಯಲಿಲ್ಲ.

ಗುಂಪನ್ನು ಇವಾಕಿಚಿ ಸಾನ್‌ಗೆ ಕೊಟ್ಟಿದ್ದಾರೆ. ನಿಮ್ಮಪ್ಪ ಅವರ ಮನೆಗೆ ಹೋಗಿ, "ಬೇಡ ಕಣೋ," ಎಂದು ಕೈ ಹಿಡಿದರು. "ಗೆಂಜೊ, ನಾನೂ ಬೇಡ ಅಂದ್ರೆ ಗೊತ್ತಿಲ್ದೋನ್ನ ಯಾವನ್ನೋ ಮೇಸ್ತ್ರಿ ಮಾಡ್ತಾರೆ. ನಮ್ಮ ಹುಡುಗರ್ನ ಅವನ ಕೈಲಿ ಹೆಂಗೆ ಬಿಡ್ಲಿ?" ಅಂದರಂತೆ. ನಿನ್ನ ಕಾಗದ ಇನ್ನೂ ಅವರ ಟೋಪಿಯಲ್ಲೇ ಇದೆ.

ಗಾಳಿ ಜೋರು. ನಾಳೆ ದೋಣಿ ಬರುತ್ತದೋ ಇಲ್ಲವೋ.

ಅಮ್ಮ

~

ಸೆಂದಾಯ್
ಏಪ್ರಿಲ್ 15

ಅಮ್ಮಾ,

ಹತ್ತನೇ ತಾರೀಕಿನ ಪೇಪರಿನಲ್ಲಿ ನಾಲ್ಕು ಸಾಲು. ನಾಗಸಾಕಿ ಕಡೆಯ ಒಂದು ಕಡಲ ಗಣಿಗೆ ಒಂಬತ್ತನೇ ತಾರೀಕು ಮಧ್ಯಾಹ್ನ ನೀರು ನುಗ್ಗಿದೆ, ಕೆಲವರು ಮೇಲೆ ಬಂದಿಲ್ಲ. ಹೆಸರುಗಳಿಲ್ಲ.

ನಿನ್ನ ಕಾಗದ ಹದಿನಾಲ್ಕಕ್ಕೆ ಬಂತು. ಅಪ್ಪ ಮೇಲೆ ಕಲ್ಲು ಆರಿಸುತ್ತಿದ್ದಾರೆ ಎಂದು ಬರೆದಿದ್ದೀಯ. ಅದು ಆರನೇ ತಾರೀಕಿನ ಮಾತು. ಒಂಬತ್ತರವರೆಗೆ ಅವರು ಮೇಲೇ ಇದ್ದರೇ? ಗುಂಪನ್ನು ಬಿಟ್ಟು ಇರಲಾಗದೆ ಹಿಂದೆಯೇ ಹೋದರೇ? ಅಪ್ಪನನ್ನು ನಾನು ಬಲ್ಲೆ, ಅದಕ್ಕೇ ಭಯ. ಮೂರು ತಂತಿ ಕೊಟ್ಟೆ. ತೊಬಿಸೆಯ ಅಂಚೆ ಕಚೇರಿ ಗಣಿಯವರ ಸುದ್ದಿ ಬಿಟ್ಟು ಬೇರೇನೂ ತೆಗೆದುಕೊಳ್ಳುತ್ತಿಲ್ಲವಂತೆ.

ಪ್ರೊಫೆಸರರ ಮೊಹರಿನ ಕಾಗದ ಒಂಬತ್ತಕ್ಕೆ ಮೊದಲು ತಲುಪಿತೇ? ನಾಲ್ಕರ ಬೆಳಿಗ್ಗೆ ಹೊರಟಿತ್ತು. ಗಾಳಿ ಇತ್ತು ಎಂದು ಬರೆದಿದ್ದೀಯ. ದೋಣಿ ಬಂದಿತ್ತೇ?

ರೈಲಿಗೆ ಚೀಟಿ ತಂದಿಟ್ಟು ಎರಡು ದಿನವಾಯಿತು. ನಿಲ್ದಾಣದವರೆಗೆ ಹೋಗಿ ವಾಪಸು ಬಂದೆ. ನನಗೆ ಅಲ್ಲಿಗೆ ಬರಲು ಹೆದರಿಕೆ. ದೋಣಿಯಿಂದ ಇಳಿದಾಗ ಕಿಕು ಅತ್ತೆ ದಡದಲ್ಲಿ ನಿಂತಿದ್ದರೆ ಏನು ಹೇಳಲಿ? ಬಾ ಅನ್ನು, ಬರಬೇಡ ಅನ್ನು, ಯಾವುದಾದರೂ ಒಂದು ಹೇಳು.

ಕಿನುಯೊ

~

ತಂತಿ
ತೊಬಿಸೆ, ಏಪ್ರಿಲ್ 17

ಅಪ್ಪ ಇದ್ದಾರೆ. ಈಗ ಬರಬೇಡ. ಅಮ್ಮ.

~

ತೊಬಿಸೆ
ಮೇ 4

ಕಿನುಯೊ,

ನಾನು ನಿಮ್ಮಪ್ಪ. ಬರೆಯಲು ನಿಮ್ಮಮ್ಮ ಮೂರು ಸಲ ಕೂತಳು, ಆಗಲಿಲ್ಲ. ನನ್ನ ಅಕ್ಷರ ಕೆಟ್ಟದು. ನಿಧಾನವಾಗಿ ಓದು.

ಒಂಬತ್ತನೇ ತಾರೀಕು ಬುತ್ತಿ ಬಿಚ್ಚುವ ಹೊತ್ತು. ಮೊದಲು ಗಾಳಿ ಬಂತಂತೆ, ದೀಪ ಅಲ್ಲಾಡಿತಂತೆ. ಆಮೇಲೆ ಕೆಸರು, ಅದರ ಹಿಂದೆ ನೀರು. ಎಂಟು ಜನ ಬಂದರು. ಮೂವರು ಬರಲಿಲ್ಲ. ಇವಾಕಿಚಿ ಬರಲಿಲ್ಲ. ಸುರಂಗಕ್ಕೆ ಗೋಡೆ ಕಟ್ಟಿ ಮುಚ್ಚಿದ್ದಾರೆ. ಅವರು ಒಳಗೇ ಇದ್ದಾರೆ.

ಮೊಹರಿನ ಕಾಗದ ಹತ್ತಕ್ಕೆ ಬಂತು. ನಾಲ್ಕು ದಿನ ದೋಣಿ ಇರಲಿಲ್ಲ.

ಬದುಕಿದವರು ಒಂದು ಮಾತು ಹೇಳಿದರು. ನಾನು ಬಂದು ಬಗ್ಗಿ ಹೇಳಿದ ದಿನದಿಂದ ಇವಾಕಿಚಿ ಯಾರಿಗೂ ಸುರಂಗದ ತುದಿಯಲ್ಲಿ ಬುತ್ತಿ ಬಿಚ್ಚಲು ಬಿಡಲಿಲ್ಲವಂತೆ. ಹಿಂದೆ, ಮೆಟ್ಟಿಲಿರುವ ಅಡ್ಡಸುರಂಗದಲ್ಲಿ ಕೂತು ತಿನ್ನಿ ಎಂದು ಓಡಿಸುತ್ತಿದ್ದನಂತೆ. ಅದಕ್ಕೇ ಎಂಟು ಜನ ಇದ್ದಾರೆ. ಆಸರೆ ಕಂಬ ಒಂದು ಸಡಿಲವಾಗಿತ್ತಂತೆ. ಅದನ್ನು ಬಿಗಿದು ಬರುತ್ತೇವೆ ಎಂದು ಇಬ್ಬರನ್ನು ಇಟ್ಟುಕೊಂಡು ತುದಿಯಲ್ಲಿ ನಿಂತನಂತೆ. ನಿನ್ನ ಎರಡು ಮಾತನ್ನೂ ಅವನು ಅರ್ಧರ್ಧ ನಂಬಿದ. ಮೊದಲನೆಯದು ಅವನ ಟೋಪಿಯಲ್ಲಿತ್ತು.

ಇದನ್ನು ನಿನಗೆ ಬರೆಯಬೇಡ ಎಂದು ಕಿಕು ಹೇಳಿದಳು. "ಆ ಮಗು ಬದುಕಬೇಕು," ಅಂದಳು. ನಾನು ಮೂರು ವಾರ ಯೋಚಿಸಿದೆ. ಗಣಿಯಲ್ಲಿ ಸತ್ತವರ ಲೆಕ್ಕ ಮುಚ್ಚಿಡಬಾರದು. ಮುಚ್ಚಿಟ್ಟರೆ ಮುಂದಿನವನು ಅಲ್ಲೇ ಕಾಲಿಡುತ್ತಾನೆ. ಅದಕ್ಕೆ ಬರೆದೆ. ನಿನ್ನ ಮೇಲೆ ಕೋಪವಿಲ್ಲ. ಆ ಕಾಗದವನ್ನು ಊರಿಗೆಲ್ಲ ಓದಿಸಿದವನು ನಾನು. ಹೆಮ್ಮೆಯಿಂದ ಓದಿಸಿದೆ. ಮಾಚಿಪತ್ರೆ ಯಾವಾಗ ಹೂ ಬಿಡುತ್ತದೆ ಎಂದು ನನಗೂ ಗೊತ್ತಿತ್ತು. ನನಗೂ ಹೊಳೆಯಲಿಲ್ಲ.

ಆಫೀಸಿನವರು ನನ್ನನ್ನು ಮತ್ತೆ ಮೇಸ್ತ್ರಿ ಮಾಡಿದ್ದಾರೆ. ತೆಂಕಣಕ್ಕೆ ಹೊಸ ಸುರಂಗ. ಆ ಎಂಟು ಜನ, ಮತ್ತೆ ಇವಾಕಿಚಿಯ ಮಗ. ಬೇಡ ಅಂದೆ, ಅವನು ಕೇಳಲಿಲ್ಲ. ಹೆದರಿಕೆ ಎಲ್ಲರಿಗೂ ಇದೆ, ನನಗೂ ಇದೆ. ಮೊದಲು ಇರಲಿಲ್ಲ ಅಂತಲ್ಲ, ಹೇಳುತ್ತಿರಲಿಲ್ಲ.

ಕಲ್ಲು ಕಳಿಸಿದ್ದೇನೆ. ಈಗ ಗಣಿಬಾಯಲ್ಲಿ ನನ್ನ ಸೀಸೆಯನ್ನು ತಡೆಯುವುದಿಲ್ಲ. ನಾನೇ ಕುದಿಸಿದೆ, ನಾನೇ ಬಿರಡೆ ಹಾಕಿದೆ, ಬಟ್ಟೆ ಮುಟ್ಟಿಲ್ಲ. ಎಷ್ಟು ದಿನ ಬೇಕೋ ತೆಗೆದುಕೋ. ಒಳ್ಳೆಯ ಸುದ್ದಿ ಬೇಕಾಗಿಲ್ಲ.

ನಿನ್ನ ಕಾಗದ ಬರುವವರೆಗೆ ನಾವು ಹತ್ತು ಜನರೂ ಇಳಿಯುವುದಿಲ್ಲ ಎಂದು ಆಫೀಸಿನಲ್ಲಿ ಹೇಳಿ ಬಂದಿದ್ದೇನೆ. ಅಲ್ಲಿಯವರೆಗೆ ಮನೆಯಲ್ಲಿ ಕೂತು ಅನ್ನಕ್ಕೆ ಸಾರು ಸುರಿದುಕೊಂಡು ತಿನ್ನುತ್ತಿರುತ್ತೇನೆ.

ಅಪ್ಪ